ಕಾವ್ಯಕ್ಕೊಂದು ಕರಡು ಚಿತ್ರ

ಕಳೆದ ರಾಜ್ಯೋತ್ಸವದ ಸಮಯದಲ್ಲಿ ನಮ್ಮ ಕಾಲೇಜಿನ ಕನ್ನಡ ಸಂಘದವರು ಗೋಡೆ ಪತ್ರಿಕೆಯ ವಿಶೇಷ ಸಂಚಿಕೆಯೊಂದನ್ನು ರನ್ನನ 'ಗದಾಯುದ್ಧ'ಕ್ಕೆ ಮೀಸಲಿಡಬೇಕೆಂದು ನಿಶ್ಚಯಿಸಿದರು. ಲೇಖನ ಬರೆಯುವವರು ಬೇಕಾದಷ್ಟು ಮಂದಿ ಇದ್ದರು. ಚಿತ್ರ ಬರೆಯುವವರು ಮಾತ್ರ ಯಾರೂ ಮುಂದೆ ಬರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೆನೆಂಬ ಗುಟ್ಟನ್ನು ನನ್ನ ಮಿತ್ರರೊಬ್ಬರು ಸಭೆಯಲ್ಲಿ ಬಯಲು ಮಾಡಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು. ವೈಶಂಪಾಯನ ಸರೋವರದ ಪ್ರಸಂಗಕ್ಕೆ ಒಂದು ದೊಡ್ಡ ಚಿತ್ರ, ಮೂರು ಅಡಿ ಅಗಲ ಎರಡು ಅಡಿ ಎತ್ತರ, ಇಷ್ಟನ್ನು ನಾನು ಒದಗಿಸಬೇಕೆಂದು ತೀರ್ಮಾನವಾಯಿತು.

ಎಂಟು ರಾತ್ರಿ ಕುಳಿತು ಆ ಚಿತ್ರವನ್ನು ಬರೆದೆ. ದಡದ ಮೇಲೆ ಭೀಮ ಗದೆಯನ್ನೆತ್ತಿ ನಿಂತಿದ್ದಾನೆ. ಅವನ ತೋಳಿನ ಒಂದೊಂದು ಸ್ನಾಯುವನ್ನೂ ಎಣಿಸಬಹುದು. ಕೊಳದ ನಡುವೆ ದುರ್ಯೋಧನ ಸೊಂಟದವರೆಗೆ ನೀರಿನಿಂದ ಮೇಲೆದ್ದಿದ್ದಾನೆ. ಕಿರೀಟದಲ್ಲಿ ಹರಳುಗಳಿವೆ, ಕಿವಿಯಲ್ಲಿ ಕುಂಡಲಗಳಿವೆ, ಮೀಸೆ ಕಿವಿಯವರೆಗೆ ಹೋಗಿದೆ. ಸುತ್ತ ತಾವರೆ, ಹಿಂದೆ ಬೆಟ್ಟ, ಮೇಲೆ ಮೋಡ. ನನಗೆ ಅದು ಬಹಳ ಹಿಡಿಸಿತು. ಸಂಘದ ಕಾರ್ಯದರ್ಶಿಗಳೂ ಮೆಚ್ಚಿಕೊಂಡರು. ಒಂಬತ್ತನೆಯ ದಿನ ಅದನ್ನು ಸುರುಳಿ ಸುತ್ತಿಕೊಂಡು ಹೋಗಿ ನಮ್ಮ ಕನ್ನಡ ಅಧ್ಯಾಪಕರ ಮೇಜಿನ ಮೇಲೆ ಬಿಚ್ಚಿದೆ. ಅವರು ಕನ್ನಡಕವನ್ನು ಸರಿಮಾಡಿಕೊಂಡು ಎರಡು ನಿಮಿಷ ನೋಡಿ, ಒಂದೇ ಪ್ರಶ್ನೆ ಕೇಳಿದರು:

"ಎಲ್ಲಾ ಸರಿಯಪ್ಪ, ಬೆವರೆಲ್ಲಿ?"

ಗದಾಯುದ್ಧವನ್ನು ಓದಿದವರಿಗೆ ಈ ಪ್ರಶ್ನೆಯ ಅರ್ಥ ತಿಳಿದೇ ಇರುತ್ತದೆ. ಓದದವರಿಗಾಗಿ ಹೇಳುತ್ತೇನೆ. ಹದಿನೆಂಟು ದಿನಗಳ ಯುದ್ಧದಲ್ಲಿ ತನ್ನವರೆಲ್ಲರನ್ನೂ ಕಳೆದುಕೊಂಡ ದುರ್ಯೋಧನ ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗಿಕೊಳ್ಳುತ್ತಾನೆ. ಹುಡುಕುತ್ತ ಬಂದ ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ. ಆ ಧ್ವನಿಯನ್ನು ಕೇಳಿ ದುರ್ಯೋಧನನಿಗೆ ನೀರಿನೊಳಗಿದ್ದರೂ ಬೆವರು ಬರುತ್ತದೆ. ಸಾವಿರ ವರ್ಷಗಳ ಹಿಂದಿನ ಆ ಪದ್ಯವನ್ನು ನಮ್ಮ ಹಳ್ಳಿಗಳ ಮೇಷ್ಟರುಗಳೂ ಬಾಯಿಪಾಠವಾಗಿ ಹೇಳುತ್ತಾರೆ. ಅದನ್ನೇ ಬಿಟ್ಟು ನಾನು ಕಿರೀಟದ ಹರಳು ಬರೆದಿದ್ದೆ.

"ಈ ಚಿತ್ರ ಯಾವ ಗದಾಯುದ್ಧಕ್ಕಾದರೂ ಆಗುತ್ತೆ. ರನ್ನನದಕ್ಕೆ ಆಗೋದಿಲ್ಲ," ಎಂದು ಅವರು ಸುರುಳಿಯನ್ನು ನನ್ನ ಕೈಗೇ ಕೊಟ್ಟರು. ರಾಜ್ಯೋತ್ಸವಕ್ಕೆ ಇನ್ನು ಐದು ದಿನ ಉಳಿದಿತ್ತು.

ಆ ಐದು ದಿನಗಳಲ್ಲಿ ನಾನು ಕಲಿತ ವಿದ್ಯೆಯನ್ನು ಕುರಿತು ಈ ಲೇಖನ. ಚಿತ್ರಕಲಾಶಾಲೆಗಳಲ್ಲಿ ಇದನ್ನು ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರಂತೆ. ನಾನು ಕಲಿತದ್ದು ನನ್ನ ತಂದೆಯವರಿಂದ. ಅವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಫ್ಲೆಕ್ಸ್ ಬಂದ ಮೇಲೆ ಆ ಕಸುಬು ಕೈಬಿಟ್ಟು ಹೋಗುತ್ತಿದೆ; ಈಗ ಶಾಲೆಯ ಗೋಡೆಗಳಿಗೆ, ಲಾರಿಗಳ ಹಿಂಬದಿಗೆ ಮಾತ್ರ ಕರೆಯುತ್ತಾರೆ. ಆ ರಾತ್ರಿ ನನ್ನ ಮುಖ ನೋಡಿ ವಿಷಯ ತಿಳಿದುಕೊಂಡ ಅವರು ಚಿತ್ರವನ್ನು ಜಗುಲಿಯ ಮೇಲೆ ಆನಿಸಿ ನಿಲ್ಲಿಸಿ, "ರಸ್ತೆ ಆ ಕಡೆ ಹೋಗಿ ನಿಂತ್ಕೊಂಡು ನೋಡು. ಏನು ಕಾಣ್ತದೆ?" ಎಂದರು. ಹೋಗಿ ನಿಂತು ನೋಡಿದೆ. ಬೀದಿದೀಪದ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಬೆಟ್ಟ, ಮೋಡ, ತಾವರೆ, ಮನುಷ್ಯರು ಎಲ್ಲವೂ ಒಂದೇ ಬೂದುಬಣ್ಣವಾಗಿ ಕಲಸಿಹೋಗಿದ್ದವು. "ಕರಡು ಮಾಡಿದ್ಯಾ?" ಎಂದು ಕೇಳಿದರು. ಇಲ್ಲವೆಂದೆ. "ಕರಡು ಇಲ್ದೆ ನಾನು ಹಾಲಿನ ಡೇರಿ ಬೋರ್ಡೂ ಬರೆಯಲ್ಲ. ನೀನು ಭಾರತ ಬರೆಯೋಕೆ ಹೊರಟಿದೀಯ," ಎಂದು ಒಳಗೆ ಹೋದರು.

ಕರಡು ಎಂದು ಅವರು ಹೇಳಿದ್ದು ಬೆರಳುದ್ದದ ಪುಟ್ಟ ಚಿತ್ರವನ್ನು. ಇಂಗ್ಲಿಷಿನಲ್ಲಿ ಇದಕ್ಕೆ ಥಂಬ್‌ನೇಲ್ ಎಂದು ಹೆಸರು, ಎಂದರೆ ಹೆಬ್ಬೆರಳಿನ ಉಗುರು. ಈ ಮಾತನ್ನು ಕೇಳಿದರೆ ನಮ್ಮ ಮಿತ್ರರಿಗೆ ಫೋನಿನಲ್ಲಿ ವೀಡಿಯೋಗಳ ಮೇಲೆ ಬಾಯಿ ತೆರೆದುಕೊಂಡು ನಿಂತಿರುವ ಮುಖಗಳು ನೆನಪಾಗಬಹುದು. ಚಿತ್ರಕಾರರ ಥಂಬ್‌ನೇಲ್ ಬೇರೆ. ಅದನ್ನು ಯಾರಿಗೂ ತೋರಿಸಲು ಬರೆಯುವುದಿಲ್ಲ. ದೊಡ್ಡ ಚಿತ್ರದಲ್ಲಿ ಏನು ಎಲ್ಲಿರಬೇಕು, ಯಾವುದು ಕಪ್ಪು ಯಾವುದು ಬಿಳುಪು, ಯಾರು ದೊಡ್ಡವರು ಯಾರು ಚಿಕ್ಕವರು ಎಂಬುದನ್ನು ನಿರ್ಧರಿಸಿಕೊಳ್ಳುವುದಕ್ಕಾಗಿ ತನಗೆ ತಾನೇ ಬರೆದುಕೊಳ್ಳುವ ಚೀಟಿ ಅದು. ಒಂದಕ್ಕೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಆದುದರಿಂದಲೇ ಅದನ್ನು ಹರಿದುಹಾಕುವುದಕ್ಕೆ ಮನಸ್ಸು ಅಳುಕುವುದಿಲ್ಲ. ಎಂಟು ರಾತ್ರಿ ಕುಳಿತು ಬರೆದದ್ದನ್ನು ಹರಿಯುವ ಕಷ್ಟ ನನಗೆ ಗೊತ್ತು.

ಮಾಡುವ ಕ್ರಮ ಇಷ್ಟೇ. ಮೊದಲು ದೊಡ್ಡ ಚಿತ್ರದ ಅಳತೆಗೆ ಸರಿಯಾದ ಚಿಕ್ಕ ಚೌಕಟ್ಟುಗಳನ್ನು ಕಾಗದದ ಮೇಲೆ ಹಾಕಿಕೊಳ್ಳಬೇಕು. ನನ್ನ ಚಿತ್ರ ಮೂರು ಅಡಿಗೆ ಎರಡು ಅಡಿ. ಆದುದರಿಂದ ಕರಡಿಗೆ ಮೂರು ಅಂಗುಲಕ್ಕೆ ಎರಡು ಅಂಗುಲ. ಈ ಪ್ರಮಾಣವನ್ನು ತಪ್ಪಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಚೌಕದೊಳಗೆ ಚೆನ್ನಾಗಿ ಕೂತದ್ದು ಉದ್ದನೆಯ ಹಾಳೆಯಲ್ಲಿ ಕೂರುವುದಿಲ್ಲ. ತಂದೆಯವರು ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನನ್ನು ಉಪಯೋಗಿಸುತ್ತಾರೆ. ನಾನೂ ಅದನ್ನೇ ಉಪಯೋಗಿಸಿದೆ. ಪೆನ್ಸಿಲ್ ಮೆತ್ತನೆಯದಾಗಿರಬೇಕು, ಮೊನೆ ಮೊಂಡಾಗಿರಬೇಕು. ಚೂಪಾದ ಮೊನೆ ಕೈಯಲ್ಲಿದ್ದರೆ ಮನುಷ್ಯ ಕಣ್ಣು, ಮೂಗು, ಒಡವೆ ಬರೆಯಲು ಹೊರಡುತ್ತಾನೆ. ರಬ್ಬರನ್ನು ಕೊಠಡಿಯಿಂದ ಆಚೆ ಇಡುವುದು ಒಳ್ಳೆಯದು. ತಪ್ಪಾದರೆ ಪಕ್ಕದ ಚೌಕಟ್ಟು ಖಾಲಿಯಿದೆ. ಬಣ್ಣಗಳು ಮೂರೇ: ಕಾಗದದ ಬಿಳುಪು, ಪೆನ್ಸಿಲಿನ ಬೂದು, ಒತ್ತಿ ಬರೆದ ಕಪ್ಪು. ಈ ಮೂರರಲ್ಲಿ ಹೇಳಲಾಗದ ಚಿತ್ರ ಹದಿನಾರು ಬಣ್ಣ ಹಚ್ಚಿದರೂ ಹೇಳುವುದಿಲ್ಲವೆಂದು ತಂದೆಯವರ ಮತ. ಐದಾರು ಕರಡುಗಳಾದ ಮೇಲೆ ಹಾಳೆಯನ್ನು ಗೋಡೆಗಾನಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಬೇಕು. ಬೇಕಾದರೆ ತಲೆಕೆಳಗು ಮಾಡಿಯೂ ನೋಡಬೇಕು. ತಲೆಕೆಳಗಾದಾಗ ಅದು ಭೀಮನೆಂಬುದು ಮರೆತುಹೋಗಿ, ಕಪ್ಪು ಎಷ್ಟು ಬಿಳುಪು ಎಷ್ಟು ಎಂಬುದಷ್ಟೇ ಕಣ್ಣಿಗೆ ಬೀಳುತ್ತದೆ.

ಇದು ಕೈಯ ಕೆಲಸವಾಯಿತು. ಕಾವ್ಯಕ್ಕೆ ಚಿತ್ರ ಬರೆಯುವವನಿಗೆ ಅದಕ್ಕಿಂತ ದೊಡ್ಡ ತೊಡಕು ಮೊದಲೇ ಎದುರಾಗುತ್ತದೆ: ಯಾವ ಕ್ಷಣವನ್ನು ಬರೆಯಬೇಕು? ಕವಿಗೆ ಕಾಲವೆಂಬುದು ಬೇಕಾದಷ್ಟಿದೆ; ಒಂದಾದ ಮೇಲೊಂದು ಹೇಳುತ್ತ ಹೋಗುತ್ತಾನೆ. ಚಿತ್ರಕಾರನಿಗೆ ಸಿಗುವುದು ಒಂದೇ ಕ್ಷಣ. ಜರ್ಮನಿಯ ಲೆಸ್ಸಿಂಗ್ 1766ರಲ್ಲಿ ಪ್ರಕಟಿಸಿದ 'ಲಾವೊಕೂನ್' ಎಂಬ ಗ್ರಂಥದಲ್ಲಿ ಈ ವಿಚಾರವನ್ನೇ ಚರ್ಚಿಸಿದ್ದಾನೆ. ಘಟನೆಯ ತುತ್ತತುದಿಯನ್ನು ಚಿತ್ರಿಸಬಾರದು, ತುದಿ ತಲಪಿದ ಮೇಲೆ ನೋಡುವವನ ಕಲ್ಪನೆಗೆ ಮಾಡಲು ಏನೂ ಉಳಿಯುವುದಿಲ್ಲ, ಹಿಂದಿನದೂ ಮುಂದಿನದೂ ಅಡಗಿರುವ ಕ್ಷಣವನ್ನು ಆರಿಸಬೇಕು ಎಂದು ಅವನ ವಾದದ ಸಾರ. ನನ್ನ ಮೊದಲ ಚಿತ್ರದಲ್ಲಿ ಗದೆ ಎತ್ತಿಯಾಗಿತ್ತು, ವೈರಿ ನೀರಿನಿಂದ ಎದ್ದಾಗಿತ್ತು. ನೋಡುವವರು 'ಓಹೋ, ಹೊಡೆದಾಟ' ಎಂದುಕೊಂಡು ಮುಂದೆ ಹೋಗುವುದೊಂದೇ ಉಳಿದಿತ್ತು.

ನಮ್ಮ ನಾಡಿನ ಶಿಲ್ಪಿಗಳಿಗೆ ಲೆಸ್ಸಿಂಗನ ಹಂಗಿರಲಿಲ್ಲ. ಹಿಂದಿನ ವರ್ಷ ಪ್ರವಾಸದಲ್ಲಿ ನಾವು ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋಗಿದ್ದೆವು. ಅಲ್ಲಿನ ಅಮೃತೇಶ್ವರ ದೇವಾಲಯ 1196ರದು. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಅಲ್ಲಿನ ದೊಡ್ಡ ಮಂಟಪದ ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ ಕಡೆ ರಾಮಾಯಣಕ್ಕೆ 70, ಉತ್ತರದ ಕಡೆ ಕೃಷ್ಣಕಥೆಗೆ 25, ಮಹಾಭಾರತಕ್ಕೆ 45. ಆಗ ನಾವು ಫಲಕಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಪೊಟ್ಟಣ ಬಿಚ್ಚಿ ಪುಳಿಯೋಗರೆ ತಿಂದು ಬಂದೆವು. ಈಗ ಆ ಲೆಕ್ಕ ನೆನಪಾಗಿ ಬೆರಗಾಗುತ್ತದೆ. ಹದಿನೆಂಟು ಪರ್ವಗಳ ಭಾರತವನ್ನು ನಲವತ್ತೈದು ಕಲ್ಲುಗಳಲ್ಲಿ ಹೇಳಬೇಕಾದರೆ ಆ ಶಿಲ್ಪಿ ಎಷ್ಟನ್ನು ಬಿಟ್ಟಿರಬೇಕು! ಉಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ಅವನೂ ನೆಲದ ಮೇಲೋ ಹಲಗೆಯ ಮೇಲೋ ಸೀಮೆಸುಣ್ಣದಂಥದೇನನ್ನೋ ಹಿಡಿದು ಗೀಚಿ, ಅಳಿಸಿ, ಮತ್ತೆ ಗೀಚಿರಬೇಕೆಂದು ನನ್ನ ಊಹೆ. ಕಲ್ಲಿಗೆ ರಬ್ಬರಿಲ್ಲವಷ್ಟೆ.

ನಾನು ಸರೋವರಕ್ಕೆ ನೇರವಾಗಿ ಹೋಗಲಿಲ್ಲ. ಧೈರ್ಯ ಸಾಲದೆ, ಮೊದಲು ರಣರಂಗದ ಪ್ರಸಂಗದ ಮೇಲೆ ಕೈ ಪಳಗಿಸಿಕೊಂಡೆ. ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುತ್ತಾನೆ. ದ್ರೋಣರನ್ನು ನೋಡುತ್ತಾನೆ, ಅಭಿಮನ್ಯುವನ್ನು ನೋಡುತ್ತಾನೆ, ಮಗ ಲಕ್ಷಣನನ್ನು, ತಮ್ಮ ದುಶ್ಶಾಸನನನ್ನು, ಕೊನೆಗೆ ಕರ್ಣನನ್ನು ನೋಡುತ್ತಾನೆ. ಒಬ್ಬೊಬ್ಬರ ಮುಂದೆಯೂ ಹಿಂದಿನದೆಲ್ಲ ನೆನಪಾಗುತ್ತದೆ. ರನ್ನ ತನ್ನ ಕಥನಕ್ಕೆ ಸಿಂಹಾವಲೋಕನ ಕ್ರಮವೆಂದು ಹೆಸರಿಟ್ಟದ್ದು ಇದಕ್ಕಾಗಿಯೇ: ಕಥೆ ಕೊನೆಯ ದಿನದ್ದು, ಕಣ್ಣು ಮಾತ್ರ ಹಿಂದಿರುಗಿ ಇಡೀ ಭಾರತವನ್ನು ನೋಡುತ್ತದೆ.

ಈ ನಡಿಗೆಗೆ ಒಂಬತ್ತು ಕರಡು ಮಾಡಿದೆ. ಮೊದಲ ಮೂರರಲ್ಲಿ ಹೆಣಗಳನ್ನು ಬರೆಯಲು ಹೋಗಿ ಚೌಕಟ್ಟು ಇರುವೆಗೂಡಿನಂತಾಯಿತು. ನಾಲ್ಕನೆಯದರಲ್ಲಿ ಎಲ್ಲವನ್ನೂ ಬಿಟ್ಟು, ಒಂದು ಮುರಿದ ರಥದ ಗಾಲಿ ಮತ್ತು ಇಬ್ಬರು ಮನುಷ್ಯರನ್ನು ಮಾತ್ರ ಇಟ್ಟೆ. ಐದು ಮತ್ತು ಆರನೆಯದರಲ್ಲಿ ಒಂದು ವಿಚಿತ್ರ ನಡೆಯಿತು. ಅದೇ ಇಬ್ಬರು, ಅದೇ ಭಂಗಿ. ನೆಲ ಮುಗಿದು ಆಕಾಶ ಮೊದಲಾಗುವ ಗೆರೆಯನ್ನು ಮಾತ್ರ ಬದಲಾಯಿಸಿದೆ. ಗೆರೆಯನ್ನು ಚೌಕಟ್ಟಿನ ಕೆಳಗೆ ಹಾಕಿದಾಗ ದುರ್ಯೋಧನ ಆಕಾಶಕ್ಕೆ ಎದುರಾಗಿ, ಒಂಟಿ ಮರದಂತೆ ಎತ್ತರವಾಗಿ ನಿಂತ. ಸೋತರೂ ಬಾಗದ ಛಲಗಾರ! ಅದೇ ಗೆರೆಯನ್ನು ಮೇಲಕ್ಕೆ ಒಯ್ದಾಗ ನೆಲವೇ ಚಿತ್ರವನ್ನೆಲ್ಲ ತುಂಬಿಕೊಂಡಿತು. ಆ ನೆಲದೊಳಗೆ ಅವನು ಒಂದು ಕಪ್ಪು ಚುಕ್ಕೆಯಾದ. ಅವನು ತಂದ ಯುದ್ಧವೇ ಅವನನ್ನು ನುಂಗುತ್ತಿರುವ ಹಾಗೆ ಕಂಡಿತು. ದುರ್ಯೋಧನ ಮಹಾನುಭಾವನೋ ದುಷ್ಟನೋ ಎಂದು ನಮ್ಮ ಚರ್ಚಾಕೂಟದಲ್ಲಿ ಪ್ರತಿ ವರ್ಷ ಕೂಗಾಡುತ್ತೇವೆ. ಇಲ್ಲಿ ಪೆನ್ಸಿಲಿನ ಒಂದು ಗೆರೆ ಒಂದಂಗುಲ ಮೇಲೆ ಕೆಳಗೆ ಆದುದರಿಂದ ಆ ತೀರ್ಪು ಆಗಿಹೋಗುತ್ತದೆ. ಪದ್ಯವನ್ನು ಇನ್ನೂ ಓದದ ಹುಡುಗನೊಬ್ಬ ಮೊದಲು ಚಿತ್ರವನ್ನೇ ನೋಡುತ್ತಾನೆ. ಆಮೇಲೆ ಓದಿದರೂ ನಾನು ಎಳೆದ ಗೆರೆಯ ಮೂಲಕವೇ ಓದುತ್ತಾನೆ. ಇದನ್ನು ಯೋಚಿಸಿದಾಗ ನನಗೆ ಸ್ವಲ್ಪ ಹೆದರಿಕೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಇಬ್ಬರೇ ನಡೆಯುವ ಈ ಚಿತ್ರ ಬೇರೆಲ್ಲೋ ನೋಡಿದ ನೆನಪಾಗಿ ಗ್ರಂಥಾಲಯದಲ್ಲಿ ಹುಡುಕಿದೆ. ಫ್ರಾನ್ಸಿನ ಗುಸ್ತಾವ್ ದೊರೆ ಡಾಂಟೆಯ ನರಕಕಾಂಡಕ್ಕೆ 1861ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಡಾಂಟೆಯೂ ವರ್ಜಿಲನೂ ಹೀಗೆಯೇ, ಸತ್ತವರ ನಡುವೆ, ಬಂಡೆಗಳ ಕೆಳಗೆ ಚಿಕ್ಕವರಾಗಿ ನಡೆದುಹೋಗುತ್ತಾರೆ. ಆ ಕತ್ತಲನ್ನು ಕದಿಯಬೇಕೆಂದು ಬಹಳ ಆಸೆಯಾಯಿತು. ಆದರೆ ಡಾಂಟೆ ಅಲ್ಲಿಗೆ ನೋಡಲು ಬಂದವನು. ದುರ್ಯೋಧನ ನೋಡುತ್ತಿರುವುದು ತನಗಾಗಿ ಸತ್ತವರನ್ನು. ಒಬ್ಬನ ಪಕ್ಕದಲ್ಲಿ ದಾರಿ ತೋರಿಸುವವನಿದ್ದಾನೆ, ಇನ್ನೊಬ್ಬನ ಪಕ್ಕದಲ್ಲಿರುವವನು ಎಲ್ಲವನ್ನೂ ನೋಡಿಯೂ ಏನೂ ಮಾಡಲಾರದವನು. ಕತ್ತಲೆ ಒಂದೇ ಆದರೂ ನಡಿಗೆ ಒಂದೇ ಆಗಲಾರದು. ಆಸೆಯನ್ನು ಬಿಟ್ಟೆ.

ಇನ್ನು ಭೀಮ. ಇಬ್ಬರೂ ಎದುರುಬದುರಾಗಿ ನಿಂತ ಗದಾಯುದ್ಧಕ್ಕೆ ಎಂಟು ಕರಡು ಮಾಡಿದೆ, ಒಂದೂ ಚೆನ್ನಾಗಿರಲಿಲ್ಲ. ಕಾರಣವೂ ತಿಳಿಯಿತು. ನನ್ನ ಭೀಮ ರನ್ನನಿಂದ ಬಂದವನಲ್ಲ, ನಮ್ಮೂರಿನ 'ಕುರುಕ್ಷೇತ್ರ' ನಾಟಕದಿಂದ ಬಂದವನು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ ಆಡಿಸುವ ಆ ನಾಟಕವನ್ನು ನೋಡಿಯೇ ನಾನು ಬೆಳೆದದ್ದು. ಅಲ್ಲಿ ದುರ್ಯೋಧನನ ಪಾತ್ರಕ್ಕೆ ಹೆಚ್ಚು ಹಣ ಕೊಡಬೇಕು, ಆದುದರಿಂದ ಆ ಪಾತ್ರ ಊರಿನಲ್ಲಿ ಅನುಕೂಲವಾಗಿರುವವರಿಗೇ ಸಿಗುವುದು. ಕಿರೀಟ, ಭುಜಕೀರ್ತಿ, ಹಿಂದಿನ ಪರದೆಯ ಅರಮನೆ ಎಲ್ಲವೂ ಬಾಡಿಗೆಗೆ ಬರುತ್ತವೆ. ನನ್ನ ಚಿತ್ರದ ಬೆಟ್ಟವೂ ಮೋಡವೂ ಆ ಪರದೆಯವೇ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಮೊದಲು ಕೈಗೆ ಬರುವ ಚಿತ್ರ ಎಲ್ಲರ ಕೈಗೂ ಬರುವ ಚಿತ್ರವೇ ಎಂಬುದು ನನಗೆ ಈ ಕರಡುಗಳಿಂದ ಗೊತ್ತಾಯಿತು. ನಾಲ್ಕೈದು ಚೌಕಟ್ಟುಗಳಲ್ಲಿ ನಾಟಕ, ಸಿನಿಮಾ, ಕ್ಯಾಲೆಂಡರು ಎಲ್ಲವೂ ಹೊರಗೆ ಬಂದು ಮುಗಿಯಬೇಕು. ಆಮೇಲೆ ಪುಸ್ತಕದ ಸರದಿ.

ಮೂರನೆಯ ದಿನ ಸರೋವರಕ್ಕೆ ಇಳಿದೆ. ನೀರಿನೊಳಗೆ ಬೆವರುವ ಮನುಷ್ಯನನ್ನು ಹೇಗೆ ಬರೆಯುವುದು? ವಾಚಕರು ಒಂದು ಪೆನ್ಸಿಲು ಹಿಡಿದು ತಾವೇ ಪ್ರಯತ್ನಿಸಿ ನೋಡಬಹುದು. ಹಣೆಯ ಮೇಲೆ ಹನಿಗಳನ್ನು ಬರೆದೆ. ನೀರಿನೊಳಗೆ ಅವು ಗುಳ್ಳೆಗಳಂತೆ ಕಂಡವು, ರಾಜ ಮೀನಿನಂತೆ ಕಂಡ. ತಲೆಯನ್ನು ನೀರಿನ ಮೇಲೆ ತಂದು ಹನಿ ಬರೆದೆ. ಆಗ ಅವು ಕೊಳದ ನೀರಿನ ಹನಿಗಳಾದವು, ಮುಳುಗಿ ಎದ್ದವನ ಮುಖದಲ್ಲಿ ನೀರಿರುವುದರಲ್ಲಿ ಆಶ್ಚರ್ಯವೇನು? ಹೀಗೆ ಆರು ಕರಡು ಹಾಳಾದವು. ಏಳನೆಯದರಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಹನಿಯನ್ನೇ ಬಿಟ್ಟು, ನೀರಿನ ಅಡಿಯಲ್ಲಿ ಕುಳಿತ ದುರ್ಯೋಧನ ಅಂಗೈಯಿಂದ ಹಣೆಯನ್ನು ಒರೆಸಿಕೊಳ್ಳುತ್ತಿರುವಂತೆ ಬರೆದೆ. ಒರೆಸಿಕೊಳ್ಳುವ ಕೈಯನ್ನು ಕಂಡ ಕೂಡಲೇ ಬೆವರು ತಾನಾಗಿ ಕಾಣುತ್ತದೆ! ಮೂರು ಅಂಗುಲದ ಚಿತ್ರದಲ್ಲೂ, ಹತ್ತು ಹೆಜ್ಜೆ ದೂರದಿಂದಲೂ ಕಾಣುತ್ತದೆ. ತಂದೆಯವರಿಗೆ ತೋರಿಸಿದೆ, "ಇದು ಬೋರ್ಡು," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮರುದಿನ ಬೆಳಿಗ್ಗೆ ಆ ಕ್ಯಾಲೆಂಡರಿನ ಹಾಳೆಯನ್ನು ಹಿಡಿದುಕೊಂಡು ಅಧ್ಯಾಪಕರ ಬಳಿಗೆ ಓಡಿದೆ. ಅವರು ನೋಡಿ ನಕ್ಕರು. "ಜಾಣತನ ಮಾಡಿದ್ದೀಯ. ಆದರೆ ಇವನು ಹೆದರಿದ್ದಾನಲ್ಲಪ್ಪ?"

"ಹೆದರಿ ತಾನೆ ಸಾರ್ ಬೆವರಿದ್ದು?"

"ಪದ್ಯ ತೆಗಿ."

ಅವರ ಮೇಜಿನ ಮೇಲಿದ್ದ ಪುಸ್ತಕವನ್ನೇ ತೆಗೆದು ಓದಿದೆ. ಹೈಸ್ಕೂಲಿನಿಂದ ಬಾಯಿಪಾಠವಾಗಿದ್ದ ಪದ್ಯ. ಬಾಯಿಪಾಠವಾದದ್ದರಿಂದಲೇ ಅದನ್ನು ನಾನು ಓದಿರಲಿಲ್ಲವೆಂದು ಆಗ ತಿಳಿಯಿತು. ಭೀಮನ ಗರ್ಜನೆಯನ್ನು ಕೇಳಿದಾಗ ದುರ್ಯೋಧನನ ಕಣ್ಣು ಕೋಪದಿಂದ ಕೆಂಪಾಗಿದೆಯೆಂದು ರನ್ನ ಸ್ಪಷ್ಟವಾಗಿ ಹೇಳಿದ್ದಾನೆ. ಬೆವರಿಗೆ ಸ್ವಲ್ಪ ಮೊದಲೇ ಆ ಕೋಪ ಬಂದಿದೆ. ನನಗೆ ನೀರೂ ಬೆವರೂ ನೆನಪಿದ್ದವು. ಅದು ಚಮತ್ಕಾರವಾದ್ದರಿಂದ ಮನಸ್ಸಿನಲ್ಲಿ ನಿಂತಿತ್ತು. ಕಣ್ಣಿನ ಕೆಂಪು ಜಾರಿಹೋಗಿತ್ತು. ಅಡಗಿ ಕುಳಿತವನು ಭಯದಿಂದ ಬೆವರುವುದು ಯಾರಿಗಾದರೂ ಹೊಳೆಯುವ ಮಾತು. ಅಡಗಿ ಕುಳಿತದ್ದಕ್ಕೇ ಕುದಿಯುತ್ತ, ಸುತ್ತಲಿನ ತಣ್ಣೀರು ತಣಿಸಲಾರದಷ್ಟು ಕೋಪದಿಂದ ಬೆವರುವುದು ರನ್ನನಿಗೆ ಹೊಳೆದದ್ದು. ಒರೆಸಿಕೊಳ್ಳುವ ಕೈ ಎಷ್ಟು ಸ್ಪಷ್ಟವಾಗಿತ್ತೋ ಅಷ್ಟೇ ಸ್ಪಷ್ಟವಾಗಿ ತಪ್ಪಾಗಿತ್ತು. ಕೋಪ ಬಂದವನು ಹಣೆ ಒರೆಸಿಕೊಳ್ಳುವುದಿಲ್ಲ. ದಣಿದವನು, ಅಂಜಿದವನು ಒರೆಸಿಕೊಳ್ಳುತ್ತಾನೆ.

ಪರೀಕ್ಷೆಯಲ್ಲಿ ಈ ಪದ್ಯದ ಸ್ವಾರಸ್ಯವನ್ನು ಬರೆದು ನಾನು ಅಂಕ ಪಡೆದಿದ್ದೇನೆ. ಏನು ಬರೆದಿದ್ದೆನೆಂದು ಹೇಳಲು ಈಗ ಇಷ್ಟವಿಲ್ಲ. ವ್ಯಾಖ್ಯಾನ ಬರೆಯುವಾಗ 'ರಸಭರಿತವಾಗಿದೆ', 'ಅದ್ಭುತವಾಗಿ ಮೂಡಿಬಂದಿದೆ' ಎಂದು ನುಣುಚಿಕೊಳ್ಳುವ ದಾರಿಗಳಿವೆ. ಚೌಕಟ್ಟಿನೊಳಗೆ ಅಂಥ ದಾರಿಯಿಲ್ಲ. ಕೈ ಹಣೆಯ ಮೇಲಿದೆಯೋ ಗದೆಯ ಮೇಲಿದೆಯೋ, ಎರಡರಲ್ಲಿ ಒಂದನ್ನು ಬರೆಯಲೇಬೇಕು. ಬರೆದ ಮರುಕ್ಷಣ, ಪದ್ಯವನ್ನು ನಾನು ಹೇಗೆ ತಿಳಿದಿದ್ದೇನೆಂಬುದು ಎದುರಿಗೆ ಕೂತಿರುತ್ತದೆ.

ಅಂದು ಮಧ್ಯಾಹ್ನದ ತರಗತಿಗಳಿಗೆ ಚಕ್ಕರ್ ಹೊಡೆದು (ಆ ತರಗತಿಗಳ ಅಧ್ಯಾಪಕರು ಕ್ಷಮಿಸಬೇಕು) ಇನ್ನೂ ಏಳು ಕರಡು ಮಾಡಿದೆ. ಭೀಮನನ್ನು ಚಿತ್ರದಿಂದಲೇ ತೆಗೆದೆ. ಪದ್ಯದಲ್ಲಿ ದುರ್ಯೋಧನನಿಗೆ ಭೀಮ ಕಾಣುವುದಿಲ್ಲ, ಕೇಳುತ್ತಾನೆ. ನಾವೂ ಕೇಳಿದರೆ ಸಾಕು. ನೀರಿನ ಮಟ್ಟದ ಗೆರೆಯನ್ನು ಚೌಕಟ್ಟಿನ ಬಹಳ ಮೇಲಕ್ಕೆ ಒಯ್ದೆ; ಅದರ ಮೇಲೆ ಆಕಾಶದ ಒಂದು ತೆಳುವಾದ ಬಿಳಿ ಪಟ್ಟಿ ಮಾತ್ರ. ಗರ್ಜನೆಗೆ ನಡುಗಿದ ನೀರಿನ ಅಲೆ ಬಲಗಡೆಯಿಂದ ಒಳಗೆ ಬರುತ್ತದೆ, ತಾವರೆಯ ಎಲೆಗಳ ಅಂಚು ಎದ್ದಿದೆ. ಕೆಳಗೆಲ್ಲ ಕಪ್ಪು. ಆ ಕಪ್ಪಿನಲ್ಲಿ ಕುಳಿತ ಮನುಷ್ಯ. ಎರಡು ಕೈಗಳೂ ಗದೆಯನ್ನು ಹಿಡಿದಿವೆ, ಮುಖ ಅಲೆ ಬಂದ ಕಡೆಗೆ ಎತ್ತಿದೆ. ಕಿರೀಟವಿಲ್ಲ, ಕುಂಡಲವಿಲ್ಲ. ಹದಿನಾಲ್ಕನೆಯ ಕರಡಿನಲ್ಲಿ ಕಣ್ಣಿಗೆ ಕೆಂಪು ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆ. ಚಿತ್ರವೆಲ್ಲಕ್ಕೂ ಅದೊಂದೇ ಬಣ್ಣ.

ಬೆವರೆಲ್ಲಿ? ಬೆವರನ್ನು ನಾನು ಬರೆಯಲಿಲ್ಲ. ಬರೆಯಲು ಬರುವುದಿಲ್ಲವೆಂದು ಹದಿಮೂರು ಚೌಕಟ್ಟುಗಳು ನನಗೆ ಹೇಳಿದ್ದವು. ತಣ್ಣಗಿರುವ ನೀರು, ಕತ್ತಲೆ, ಕೆಂಪಾದ ಕಣ್ಣು ಇವು ಚಿತ್ರಕ್ಕೆ ಸಲ್ಲುತ್ತವೆ. ಬೆವರು ಮಾತಿಗೆ ಸಲ್ಲುತ್ತದೆ. ಅದನ್ನು ರನ್ನನಿಗೇ ಬಿಟ್ಟು, ಪದ್ಯವನ್ನು ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯುವುದೆಂದು ನಿಶ್ಚಯಿಸಿದೆ. ಆ ಅಕ್ಷರಗಳನ್ನು ತಂದೆಯವರು ಬರೆದುಕೊಟ್ಟರು. ಹಳಗನ್ನಡದ ಪದ್ಯವೊಂದನ್ನು ಅವರು ಬರೆದದ್ದು ಅದೇ ಮೊದಲು. ಒಂದು ಒತ್ತಕ್ಷರವನ್ನು ಹೇಗೆ ಕೂರಿಸಬೇಕೆಂದು ಬಹಳ ಹೊತ್ತು ಯೋಚಿಸಿದರು.

ಕರಡನ್ನು ದೊಡ್ಡದು ಮಾಡುವ ಕೆಲಸಕ್ಕೆ ಹೆಚ್ಚು ಮಾತು ಬೇಕಿಲ್ಲ. ಕರಡಿನ ಮೇಲೆ ಅರ್ಧ ಅಂಗುಲದ ಮನೆಗಳನ್ನು ಹಾಕಬೇಕು. ಅಡ್ಡಕ್ಕೆ ಆರು, ಉದ್ದಕ್ಕೆ ನಾಲ್ಕು, ಒಟ್ಟು ಇಪ್ಪತ್ತನಾಲ್ಕು ಮನೆ. ದೊಡ್ಡ ಹಾಳೆಯಲ್ಲಿ ಅರ್ಧ ಅಡಿಯ ಮನೆಗಳನ್ನು ಅಷ್ಟೇ ಸಂಖ್ಯೆಯಲ್ಲಿ ಹಾಕಿ, ಒಂದೊಂದು ಮನೆಯಲ್ಲಿರುವುದನ್ನು ಆಯಾ ಮನೆಗೇ ಒಯ್ಯಬೇಕು. ಹನ್ನೆರಡರಷ್ಟು ದೊಡ್ಡದಾಗುತ್ತದೆ. ದೊಡ್ಡದು ಮಾಡುವಾಗ 'ಇಲ್ಲೊಂದು ಹಂಸ ಇದ್ದರೆ ಚೆನ್ನ' ಎಂಬ ಆಸೆ ಬಂದೇ ಬರುತ್ತದೆ. ಅದಕ್ಕೆ ಕಿವಿಗೊಡಬಾರದು. ಒಂದೇ ರಾತ್ರಿಯಲ್ಲಿ, ಕಪ್ಪು ಶಾಯಿ ಮತ್ತು ಅಗಲವಾದ ಬ್ರಷ್ಷಿನಿಂದ ಕೆಲಸ ಮುಗಿಯಿತು. ಮೊದಲ ಚಿತ್ರಕ್ಕೆ ಎಂಟು ರಾತ್ರಿ ಹಿಡಿದಿತ್ತೆಂಬುದನ್ನು ಮಿತ್ರರು ಗಮನಿಸಬೇಕು.

ಚಿತ್ರ ಗೋಡೆ ಪತ್ರಿಕೆಯ ನಡುವೆ ಹದಿನೈದು ದಿನ ಇತ್ತು. ನಮ್ಮ ಕನ್ನಡ ಅಧ್ಯಾಪಕರು ಬಂದು ನೋಡಿದರು; ಕೆಂಪು ಚುಕ್ಕೆ ಸ್ವಲ್ಪ ದೊಡ್ಡದಾಯಿತೆಂದು ಅವರ ಅಭಿಪ್ರಾಯ. ಅದು ಈಗಲೂ ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ. ಇತಿಹಾಸದ ಅಧ್ಯಾಪಕರೊಬ್ಬರು ಭೀಮನನ್ನು ಏಕೆ ಬರೆಯಲಿಲ್ಲವೆಂದು ಆಕ್ಷೇಪಿಸಿದರು. ರನ್ನನ ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂಬ ಇನ್ನೊಂದು ಹೆಸರಿರುವಾಗ, ತನ್ನ ದೊರೆ ಸತ್ಯಾಶ್ರಯನನ್ನು ಕವಿ ಭೀಮನೊಡನೆ ಸಮೀಕರಿಸಿರುವಾಗ, ಕಥಾನಾಯಕನನ್ನೇ ಹೊರಗಿಟ್ಟದ್ದು ಎಷ್ಟು ಸರಿ ಎಂದು ಅವರ ವಾದ. ನ್ಯಾಯವಾದ ಮಾತು. ಅಲೆಯನ್ನು ತೋರಿಸಿ, "ಅಲ್ಲಿದ್ದಾನೆ ಸಾರ್," ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಕೊನೆಯ ದಿನ ಗುಂಡುಸೂಜಿಗಳನ್ನು ಕೀಳುತ್ತಿದ್ದಾಗ ಪ್ರಥಮ ಬಿ.ಎ. ತರಗತಿಯ ಹುಡುಗನೊಬ್ಬ ಬಂದು ನಿಂತುಕೊಂಡ. ಚಿತ್ರವನ್ನು ನೋಡಿದ, ಕೆಳಗಿನ ಪದ್ಯವನ್ನು ತುಟಿಯಾಡಿಸುತ್ತ ಓದಿದ, ಮತ್ತೆ ಚಿತ್ರವನ್ನು ನೋಡಿದ.

"ಅಣ್ಣ, ಉರಗಪತಾಕ ಅಂದ್ರೆ ಯಾರು?"

"ಹಾವಿನ ಬಾವುಟದವನು. ಅಲ್ಲಿ ಕೂತಿದ್ದಾನಲ್ಲ, ಅವನೇ."

"ಬಾವುಟ ಎಲ್ಲಿ?"

ಸೂಜಿಯನ್ನು ಕೈಯಲ್ಲೇ ಹಿಡಿದುಕೊಂಡು ನಾನೂ ಚಿತ್ರವನ್ನು ನೋಡಿದೆ. ಬಾವುಟವನ್ನು ನಾನು ಯಾವ ಕರಡಿನಲ್ಲೂ ಬರೆದಿರಲಿಲ್ಲ. ಆ ದಿನದ ಹೊತ್ತಿಗೆ ಅದು ರಣರಂಗದಲ್ಲಿ ಬಿದ್ದಿರುತ್ತದೆ ಎಂದು ಹೇಳಿದೆ. ಹುಡುಗ ತಲೆಯಾಡಿಸಿ ಹೋದ. ಮನೆಗೆ ಬಂದ ಮೇಲೆ ಕ್ಯಾಲೆಂಡರಿನ ಇನ್ನೊಂದು ಹಾಳೆಯ ಬೆನ್ನಿನ ಮೇಲೆ ಮೂರು ಅಂಗುಲಕ್ಕೆ ಎರಡು ಅಂಗುಲದ ಆರು ಚೌಕಟ್ಟುಗಳನ್ನು ಹಾಕಿಕೊಂಡೆ.